ಬಿ-ಖಾತೆ ಕೈಗೆ ಬಂದರೆ ಹಕ್ಕು ಬಂದಂತೆಯೇ?



ಕೊಪ್ಪಳ, ಗಂಗಾವತಿಯ ಹೊಸ ಬಡಾವಣೆಗಳಲ್ಲಿ, ಕುಷ್ಟಗಿ, ಯಲಬುರ್ಗಾಗಳ ಅಂಚಿನ ಹೊಲಗಳಲ್ಲಿ ನಮ್ಮವರು ಕೊಂಡ ನಿವೇಶನಗಳು ಎಷ್ಟೋ ಇವೆ. ಗುಳೆ ಹೋಗಿ ದುಡಿದ ಹಣ, ಮಗಳ ಮದುವೆಗೆಂದು ಕೂಡಿಟ್ಟ ಬಂಗಾರ ಅವುಗಳಲ್ಲಿ ಕರಗಿದೆ. ದಾಖಲೆ ತೋರಿಸಿರೆಂದರೆ ಹಲವು ಮನೆಗಳಲ್ಲಿ ಟ್ರಂಕಿನಿಂದ ಹೊರಬರುವುದು ನೋಟರಿಯ ಮೊಹರು ಹೊತ್ತ ಬಾಂಡ್ ಪೇಪರ್ ಮಾತ್ರ.

2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರವು ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ನೀಡುವ ಅಭಿಯಾನ ಆರಂಭಿಸಿದಾಗ, ಇನ್ನು ಎಲ್ಲವೂ ಸಕ್ರಮವಾಯಿತೆಂದು ಬಹಳ ಜನ ನಂಬಿದರು. ಆ ನಂಬಿಕೆ ಅಪಾಯಕಾರಿ. ಬಿ-ಖಾತೆಯು ತೆರಿಗೆಯ ದಾಖಲೆ. ಮೊದಲ ವರ್ಷ ತೆರಿಗೆ ದುಪ್ಪಟ್ಟು. ಮಾರಿದವನಿಗೇ ಇಲ್ಲದ ಹಕ್ಕನ್ನು ಅದು ಕೊಂಡವನಿಗೆ ಕೊಡಲಾರದು. ಮೇಲಾಗಿ, 2024ರ ಸೆಪ್ಟೆಂಬರ್ 10ಕ್ಕೆ ಮುಂಚಿನ ನೋಂದಾಯಿತ ದಸ್ತಾವೇಜು ಇರಬೇಕೆಂಬ ಷರತ್ತು ಬಂತು. ಬಾಂಡ್ ಪೇಪರಿನವರು ಹೊರಗೇ ಉಳಿದರು.

ಸರಕಾರವನ್ನು ದೂರಬಹುದು. ಆದರೆ ನೂರು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯೇ ಹೇಳಿದೆ. ಮಾರಾಟದ ಕರಾರು, ಜನರಲ್ ಪವರ್ ಆಫ್ ಅಟಾರ್ನಿಗಳಿಂದ ಮಾಲೀಕತ್ವ ದೊರೆಯದೆಂದು ಸುಪ್ರೀಂ ಕೋರ್ಟು 2011ರಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಇನ್ನು ಹಿಬಾ. ನಮ್ಮ ಶರೀಅತ್ತಿನ ಈ ದಾನಕ್ಕೆ ಕಾನೂನು ನೋಂದಣಿಯ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಕೊಡುವವರ ಘೋಷಣೆ, ಪಡೆಯುವವರ ಸ್ವೀಕಾರ, ಸ್ವಾಧೀನ ಈ ಮೂರೂ ಸಿದ್ಧವಾಗಬೇಕು. ಕಲಬುರಗಿಯ ಜಮೀನೊಂದರ ವ್ಯಾಜ್ಯದಲ್ಲಿ, ತಾಯಿ 1988ರಲ್ಲಿ ಬಾಯಿಮಾತಿನಲ್ಲಿ ಕೊಟ್ಟರೆಂದು ಮಗಳು ಹೇಳಿದ ಹಿಬಾವನ್ನು ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಸ್ವಾಧೀನಕ್ಕೆ ಪುರಾವೆ ಇರಲಿಲ್ಲ. ಕಂದಾಯ ದಾಖಲೆಗೆ ಹೆಸರೂ ಸೇರಿರಲಿಲ್ಲ. ನಮ್ಮಲ್ಲಿಯೂ ಹೆಣ್ಣುಮಕ್ಕಳಿಗೆ ಕೊಡುವಾಗ ಬಾಯಿಮಾತು, ಗಂಡುಮಕ್ಕಳಿಗೆ ಕೊಡುವಾಗ ಕಾಗದ. ತಂದೆ ಕಣ್ಮುಚ್ಚಿದ ಮೇಲೆ ಅಣ್ಣಂದಿರ ಕೈಯಲ್ಲಿ 'ಹಿಬಾನಾಮಾ' ಹುಟ್ಟಿಕೊಳ್ಳುವುದೂ ಉಂಟು! ಅದು ತಂಗಿಯ ಪಾಲಿನ ಕಳವು, ಬೇರೆ ಹೆಸರಿಲ್ಲ.

ಕೊಳ್ಳುವ ಮೊದಲು ಇ.ಸಿ., ಪಹಣಿ, ಎನ್.ಎ. ಆದೇಶಗಳನ್ನು ವಕೀಲರಿಗೆ ತೋರಿಸಿರಿ. ಈಗಾಗಲೇ ಬಾಂಡ್ ಪೇಪರಿನ ಮೇಲೆ ಕೊಂಡಿದ್ದವರು, ಮಾರಿದವನು ಬದುಕಿರುವಾಗಲೇ ನೋಂದಣಿಗೆ ದಾರಿ ಇದೆಯೇ ಎಂದು ವಿಚಾರಿಸಿರಿ. ಆತ ತೀರಿದರೆ ಎಲ್ಲ ವಾರಸುದಾರರ, ಕೊಟ್ಟ ಮನೆ ಸೇರಿದ ಹೆಣ್ಣುಮಕ್ಕಳ ಸಹಿಯನ್ನೂ ಹುಡುಕಿಕೊಂಡು ಅಲೆಯಬೇಕಾದೀತು.