ಹಿಂದಿನ ಬಾಗಿಲು ಎಲ್ಲಿದೆ?

ಬೀಳಗಿಗೆ ಹೋದಾಗ ಒಬ್ಬ ಹುಡುಗ ಕೇಳಿದ: "ಸರ, ನಮ್ಮ ಕಡೆ ಹಳೇ ಗೋದಾಮು ಖಾಲಿ ಬಿದ್ದಾವ್ರಿ. ಬೆಂಗ್ಳೂರು, ಮುಂಬಯಿ ಹಂಗ ಅಲ್ಲಿ ಊಟ, ಹಾಡು, ಲೈಟು ಎಲ್ಲಾ ಮಾಡಿದ್ರ ಹೆಂಗ್ರೀ?"

ಒಳ್ಳೇ ಪ್ರಶ್ನೆ. ಖಾಲಿ ಗೋದಾಮಿನಲ್ಲಿ ಇಲಿ ಓಡಾಡೋದಕ್ಕಿಂತ ಜನ ಓಡಾಡಿದರೆ ಚೆಂದ. ಆದರೆ ಅವನು ಹೆಸರು ಹೇಳಿದ ಮುಂಬಯಿಯ ಕಥೆಯನ್ನೇ ಮೊದಲು ಕೇಳೋಣ.

ಲೋವರ್ ಪರೇಲ್‌ನಲ್ಲಿ ಕಮಲಾ ಮಿಲ್ಸ್ ಅಂತ ಒಂದು ಬಟ್ಟೆ ಗಿರಣಿ ಇತ್ತು. 1982ರಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಒಂದೊಂದೇ ಗಿರಣಿ ಬಾಗಿಲು ಹಾಕಿತು. ಮಗ್ಗ ಸದ್ದು ಮಾಡುತ್ತಿದ್ದ ಆ ಜಾಗದಲ್ಲಿ ಆಫೀಸು, ಹೋಟೆಲು, ಪಬ್ಬು ಬಂದವು. ಎಲ್ಲರೂ ಹೊಗಳಿದರು.

2017ರ ಡಿಸೆಂಬರ್ 29. ಮಧ್ಯರಾತ್ರಿ ದಾಟಿತ್ತು. ಮೇಲ್ಛಾವಣಿಯ ಪಬ್ಬಿಗೆ ಬೆಂಕಿ ಬಿತ್ತು. 14 ಜನ ಸತ್ತರು. ಹಲವರ ಶವ ಸಿಕ್ಕಿದ್ದು ಶೌಚಾಲಯದಲ್ಲಿ. ಹೊರಗೆ ಹೋಗೋ ದಾರಿ ಸಿಗದೆ ಅಲ್ಲಿ ಹೋಗಿ ಸೇರಿಕೊಂಡಿದ್ದರು, ಹೊಗೆ ಬಿಡಲಿಲ್ಲ.

ಅದು ಮುಂಬಯಿ ಅಂತೀರಾ? ಹತ್ತೇ ದಿನ. 2018ರ ಜನವರಿ 8ರ ನಸುಕಿನಲ್ಲಿ ನಮ್ಮ ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರ್‌ನಲ್ಲಿ ಬೆಂಕಿ. ದಿನವಿಡೀ ದುಡಿದು ಅಲ್ಲೇ ಮಲಗಿದ್ದ ಐವರು ಕೆಲಸಗಾರರು ಮತ್ತೆ ಏಳಲಿಲ್ಲ. ಗಿರಾಕಿ ಮನೆಗೆ ಹೋಗುತ್ತಾನೆ ವೀಕ್ಷಕರೇ, ಕೆಲಸದವನು ಒಳಗೇ ಇರುತ್ತಾನೆ.

ಗೋದಾಮನ್ನು ಯಾಕೆ ಕಟ್ತಾರೆ? ಸರಕು ಕಳುವಾಗಬಾರದು ಅಂತ. ಅದಕ್ಕೇ ಒಂದೇ ದೊಡ್ಡ ಬಾಗಿಲು, ಎತ್ತರದಲ್ಲಿ ಸಣ್ಣ ಕಿಂಡಿ, ಸುತ್ತ ದಪ್ಪ ಗೋಡೆ. ಹೆಸರುಕಾಳಿನ ಚೀಲಕ್ಕೆ ಅದು ಸರಿ. ಚೀಲ ಓಡಬೇಕಾಗಿಲ್ಲ. ಮನುಷ್ಯ ಓಡಬೇಕಾಗುತ್ತದೆ. ಸರಕು ಕಾಯೋಕೆ ಕಟ್ಟಿದ ಗೋಡೆಯೊಳಗೆ ಜನರನ್ನು ಕೂರಿಸುವುದಾದರೆ ಆ ಗೋಡೆಯನ್ನು ಮೊದಲು ಒಡೆದು ಇನ್ನೊಂದು ದಾರಿ ಮಾಡಬೇಕು. ಬಣ್ಣದ ದೀಪ ಆಮೇಲೆ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಎರಡನೇ ಬಾಗಿಲು, ಅದಕ್ಕೆ ಬೀಗ ಹಾಕದಿರುವುದು, ಅದರ ಮುಂದೆ ಸಿಲಿಂಡರ್, ಖಾಲಿ ಕ್ರೇಟು ಪೇರಿಸದಿರುವುದು, ತಾಡಪತ್ರಿ ಚಪ್ಪರ ಹಾಕದಿರುವುದು. ಪರವಾನಗಿ ಕೊಡುವ ಅಧಿಕಾರಿ ಕುರ್ಚಿ ಬಿಟ್ಟು ಎದ್ದು, ಆ ಬಾಗಿಲನ್ನು ತಾನೇ ತೆರೆದು ಹೊರಗೆ ನಡೆದು ನೋಡಿ ಸಹಿ ಹಾಕುವುದು. ಅಷ್ಟೇ.

ಆ ಹುಡುಗನಿಗೆ ನಾನು ಬೇಡ ಅನ್ನಲಿಲ್ಲ. ಮಾಡಪ್ಪಾ ಅಂದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಬೀಳಗಿಯಲ್ಲಿ ಬರಗಾಲವಿಲ್ಲ. ಅದೇ ಗೋದಾಮಿನಲ್ಲಿ ಚೀಲ ಹೊತ್ತ ಹಮಾಲರ ಮನೆಯವರಿಗೂ ಅಲ್ಲಿ ಕೆಲಸ ಕೊಡು, ಅಂದೆ. ಮತ್ತೆ ಒಂದು ಮಾತು: ಮಾಡುವ ಮುಂಚೆ ಒಳಗೆ ನಿಂತು ದೀಪ ಆರಿಸಿ ನೋಡು, ಕತ್ತಲಲ್ಲಿ ನಿನಗೆ ಹೊರಗೆ ಹೋಗೋ ದಾರಿ ಸಿಗುತ್ತಾ?

ನೀವೂ ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಗೆ ಊಟಕ್ಕೆ ಹೋಗ್ತೀರಿ. ಮೆನು ಕೈಗೆ ತಗೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಿ: ಅಣ್ಣಾ, ಹಿಂದಿನ ಬಾಗಿಲು ಎಲ್ಲಿದೆ?