ಟ್ರೇಲರಿನ ತಳಕ್ಕೆ ತುಕ್ಕು ಹಿಡಿಯದಂತೆ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನೇಗಿಲ ಗುಳವನ್ನು ತೊಳೆದು ಎಣ್ಣೆ ಸವರಿ ಇಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ ಬದಲಾಯಿಸುವುದನ್ನೂ ಯಾರೂ ಮರೆಯುವುದಿಲ್ಲ. ಆದರೆ ಅದರ ಹಿಂದೆ ಕಟ್ಟಿದ ಟ್ರೇಲರಿನ ತಳವನ್ನು ಬಗ್ಗಿ ನೋಡುವವರು ಎಷ್ಟು ಮಂದಿ? ನಾನೂ ನೋಡಿದವನಲ್ಲ. ಒಂದು ಮಳೆಗಾಲದಲ್ಲಿ ಗೊಬ್ಬರದ ಮೂಟೆ ಇಳಿಸುತ್ತಿದ್ದಾಗ, ನಮ್ಮಲ್ಲಿಗೆ ಕೂಲಿಗೆ ಬರುತ್ತಿದ್ದ ಹಿರಿಯರೊಬ್ಬರ ಕಾಲು ತಳದ ತಗಡನ್ನು ಸೀಳಿಕೊಂಡು ಮೊಣಕಾಲಿನವರೆಗೆ ಕೆಳಗೆ ಹೋಯಿತು. ಮೇಲಿನಿಂದ ನೋಡಿದರೆ ಬಣ್ಣ ಚೆನ್ನಾಗಿಯೇ ಇತ್ತು. ಅಡಿಯಲ್ಲಿ ತಗಡು ಹಪ್ಪಳವಾಗಿತ್ತು. ಒಂದೂವರೆ ತಿಂಗಳು ಅವರು ಕೆಲಸಕ್ಕೆ ಬರಲಾಗಲಿಲ್ಲ. ಆ ದಿನಗಳ ಕೂಲಿ ಕೊಟ್ಟೆ, ನಿಜ. ಈಗಲೂ ಅವರು ಕುಂಟುತ್ತಾ ಬರುವುದನ್ನು ಕಂಡಾಗ ನನಗೆ ತಲೆ ಎತ್ತಲಾಗುವುದಿಲ್ಲ. ಆ ತಳವನ್ನು ಕಿತ್ತು ಹೊಸದಾಗಿ ಹಾಕಿಸುವಾಗ ಕಲಿತದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಗಾಳಿಯೂ ಎರಡೂ ಬೇಕು. ಜೊತೆಗೆ ಉಪ್ಪು ಸೇರಿದರೆ ಕೆಲಸ ಬಹು ಬೇಗ. ನಾವು ತರುವ ಪೊಟ್ಯಾಷ್ ಗೊಬ್ಬರ ಒಂದು ಬಗೆಯ ಉಪ್ಪೇ ಸರಿ. ಯೂರಿಯಾ ಮತ್ತು ಅಮೋನಿಯಂ ಗೊಬ್ಬರಗಳು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತವೆ. ಹರಿದ ಮೂಟೆಯಿಂದ ಉದುರಿದ ಒಂದು ಹಿಡಿ ಗೊಬ್ಬರ ಮೂಲೆಯಲ್ಲಿ ಕುಳಿತರೆ, ಮಳೆಯಿಲ್ಲದ ದಿನವೂ ಆ ಮೂಲೆ ಒದ್ದೆ. ಇನ್ನೊಂದು ಸಂಗತಿ: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ತಗಡೂ ಚಾನೆಲ್ಲೂ ಒಂದರ ಮೇಲೊಂದು ಕುಳಿತ ಸಂದಿಯಲ್ಲಿ ಅದು ಊದಿಕೊಂಡು ಎರಡನ್ನೂ ಬೇರ್ಪಡಿಸುತ್ತದೆ. ಬಿಟ್ಟ ಸಂದಿಗೆ ಮತ್ತಷ್ಟು ನೀರು ಸೇರುತ್ತದೆ. ನಮ್ಮ ತಗಡು ಹರಿದದ್ದೂ ಬಯಲಿನಲ್ಲಲ್ಲ, ಅಡ್ಡ ಚಾನೆಲ್ಲಿನ ಅಂಚಿನಲ್ಲಿ.

ಆದುದರಿಂದ ಮೊದಲು ಟ್ರೇಲರಿನ ಅಡಿಗೆ ಹೋಗಿ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ. ಸತ್ತ ಕಬ್ಬಿಣ ಒಡೆದ ಮಡಕೆಯ ಸದ್ದು ಕೊಡುತ್ತದೆ. ಚಾನೆಲ್ಲೇ ಸವೆದಿದ್ದರೆ ಅದರ ಮೇಲೆ ಹೊಸ ತಗಡು ಹಾಕಿಸುವುದು ದುಡ್ಡು ದಂಡ. ಗುಜರಿಯಿಂದ ಹಳೆಯ ಬಸ್ಸಿನ ಚಾಸಿ ತಂದು ಹಾಸು ಕಟ್ಟಿಸಬೇಕೆನ್ನುವವರಿಗಂತೂ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ.

ಸತುವಿನಲ್ಲಿ ಅದ್ದಿ ತೆಗೆದ ತಗಡು ಸಿಕ್ಕಿದರೆ ಉತ್ತಮ. ಗೀರು ಬಿದ್ದ ಕಡೆಯೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಅಂಥ ತಗಡಿಗೆ ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ. ಆ ಬಿಳಿ ಹೊಗೆ ಕುಡಿದ ಕೆಲಸಗಾರನಿಗೆ ಸಂಜೆ ಚಳಿಜ್ವರ ಬರುವುದುಂಟು. ಆದ್ದರಿಂದ ಬೆಸುಗೆ ಹಾಕುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಸಿ, ಬಯಲಲ್ಲಿ ಕೆಲಸ ಮಾಡಿಸಿ, ಆಮೇಲೆ ಅಲ್ಲಿಗೆ ಸತುವಿನ ಬಣ್ಣ ಹಚ್ಚಿಸಿ. ಬೋಲ್ಟು ಹಾಕಿ ಬಿಗಿಯುವುದಾದರೆ ಈ ರಗಳೆಯಿಲ್ಲ. ಬೋಲ್ಟು, ನಟ್ಟು, ವಾಷರುಗಳೂ ಸತುವಿನವೇ ಇರಲಿ.

ಸಾದಾ ತಗಡಾದರೆ ಎಲ್ಲವೂ ಬಣ್ಣದ ಮೇಲೆ ನಿಂತಿದೆ. ತುಕ್ಕಿನ ಮೇಲೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ರೇಷ್ಮೆ ಬಟ್ಟೆ ಹೊದಿಸಿದಂತೆ. ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆ ರೆಡ್ ಆಕ್ಸೈಡ್ ಹಚ್ಚಿ. ಅದೊಂದೇ ಸಾಲದು, ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಮೇಲೆ ಎರಡು ಸಲ ಎನಾಮಲ್ ಬಣ್ಣ ಬೇಕು. ಚಾನೆಲ್ಲಿಗೂ ತಗಡಿನ ಅಡಿಮೈಗೂ ಕೂಡಿಸುವ ಮೊದಲೇ ಹಚ್ಚಬೇಕು, ಕೂಡಿಸಿದ ಮೇಲೆ ಬ್ರಷ್ಷು ಅಲ್ಲಿಗೆ ಹೋಗದು. ನಾನು ಕೊಟ್ಟ ಬಣ್ಣವನ್ನೆಲ್ಲ ಕೆಲಸದವರು ಮೇಲುಮೈಗೇ ಬಳಿದು ಮುಗಿಸಿದ್ದರು. ಎರಡನೆಯ ಸಲ ನಾನೇ ಪಕ್ಕದಲ್ಲಿ ಕುಳಿತೆ.

ಹಲಗೆಯ ಹಾಸು ಇಷ್ಟಪಡುವವರು ಕರಿಜಾಲಿ, ಮತ್ತಿಯಂಥ ಗಟ್ಟಿ ಮರ ನೋಡಿ. ನೆನೆದ ಮರ ಉಬ್ಬುವುದರಿಂದ ಹಲಗೆಗಳ ನಡುವೆ ಕಿರುಬೆರಳು ಹೋಗುವಷ್ಟು ಸಂದಿ ಬಿಡಿ. ತೇವ ಹಿಡಿದ ಮರ ಅಡಿಯ ಕಬ್ಬಿಣವನ್ನು ತಿನ್ನುತ್ತದೆಂಬುದನ್ನು ಮರೆಯಬೇಡಿ.

ತಗಡಿನ ತಳವಾದರೆ ಮೂಲೆಗಳಲ್ಲಿ ಬೆರಳು ದಪ್ಪದ ತೂತು ಕೊರೆಸಿ, ತೂತಿನ ಅಂಚಿಗೂ ಬಣ್ಣ ಹಚ್ಚಿ. ಗೊಬ್ಬರ ತರುವಾಗ ಮೂಟೆಯ ಅಡಿಗೆ ಟಾರ್ಪಾಲು ಹಾಸಿ. ಇಳಿಸಿದ ದಿನವೇ ಗುಡಿಸಿ, ನೀರು ಹೊಯ್ದು ತೊಳೆಯಿರಿ. ನಿಲ್ಲಿಸುವಾಗ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮೂತಿಯನ್ನು ಗಟ್ಟಿಯಾದ ಆನಿಕೆಯ ಮೇಲೆ ಒಂದು ಗೇಣು ಎತ್ತರಿಸಿ, ಹಿಂದಿನ ಬಾಗಿಲು ತೆರೆದಿಡಿ. ನೀರು ತಾನೇ ಹರಿದುಹೋಗುತ್ತದೆ. ನನ್ನ ಟ್ರೇಲರು ಸಭೆಯ ಹೊರಗೇ ನಿಂತಿದೆ. ಸುತ್ತಿಗೆಯನ್ನೂ ತಂದಿದ್ದೇನೆ. ಬಂದು ಅಡಿಯಿಂದ ತಟ್ಟಿ ನೋಡಿ.