ತೋಮನ ಎಂಟು ದಿನಗಳು

ಶಿಲುಬೆಯ ಮೇಲೆ ಮಡಿದ ಯೇಸು ಪುನರುತ್ಥಾನ ಹೊಂದಿ, ಅಂದರೆ ಸಾವಿನಿಂದ ಎದ್ದು, ಶಿಷ್ಯರಿಗೆ ಕಾಣಿಸಿಕೊಂಡಾಗ ಅಲ್ಲಿಲ್ಲದಿದ್ದ ತೋಮನು, ಮೊಳೆ ಹೊಕ್ಕ ಗಾಯದಲ್ಲಿ ಬೆರಳಿಟ್ಟು ನೋಡಿದ ಹೊರತು ತಾನು ನಂಬುವುದಿಲ್ಲವೆಂದು ಖಂಡತುಂಡವಾಗಿ ಹೇಳಿದ ಪ್ರಸಂಗ ಯೋಹಾನನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿದೆ. ಈ ಒಂದು ಮಾತಿನಿಂದ ಅವನಿಗೆ ಸಂಶಯದ ತೋಮನೆಂಬ ಹೆಸರು ಅಂಟಿಕೊಂಡಿತು. ಯೇಸುವಿನೊಡನೆ ಹೋಗಿ ಸಾಯಲೂ ಸಿದ್ಧರಾಗೋಣವೆಂದು ಅದೇ ಗ್ರಂಥದ 11ನೆಯ ಅಧ್ಯಾಯದಲ್ಲಿ ಸಂಗಡಿಗರನ್ನು ಹುರಿದುಂಬಿಸಿದವನೂ ಅವನೇ ಎಂಬುದು ಮರೆತುಹೋಯಿತು. ಯೇಸು ಮತ್ತೆ ಬಂದದ್ದು ಎಂಟು ದಿನಗಳ ಮೇಲೆ. ಆಗ ತೋಮನು, ಇನ್ನೂ ನಂಬದಿದ್ದರೂ, ನಂಬಿದವರ ನಡುವೆಯೇ ಇದ್ದನು; ಅವರೂ ಅವನನ್ನು ಹೊರಗಟ್ಟಿರಲಿಲ್ಲ. ಚಿತ್ರಕಾರ ಕಾರವಾಜ್ಜೊ ಅವನ ಬೆರಳನ್ನು ಗಾಯದೊಳಗೇ ತೂರಿಸಿ ಬಿಡಿಸಿದ್ದಾನಾದರೂ, ಅವನು ನಿಜವಾಗಿ ಮುಟ್ಟಿದನೆಂದು ಶುಭಸಂದೇಶ ಹೇಳುವುದಿಲ್ಲ. ಯೇಸುವನ್ನು ನೇರವಾಗಿ ದೇವರೆಂದು ಕರೆಯುವ ಮಾತು ಮಾತ್ರ ಅವನ ಬಾಯಿಂದಲೇ ಹೊರಡುತ್ತದೆ. ಕಾಣದೆ ನಂಬುವವರು ಧನ್ಯರೆಂಬ ಯೇಸುವಿನ ಉತ್ತರದಲ್ಲಿ ಮೆಲುವಾದ ಆಕ್ಷೇಪವಿರುವುದು ನಿಜ, ಆದರೆ ಅದು ಗಾಯವನ್ನು ತೋರಿಸಿದ ಮೇಲೆ ಬಂದ ಆಕ್ಷೇಪ.

ಎಂಟು ದಿನಗಳಲ್ಲಿ ತೀರುವ ಸಂಶಯಕ್ಕಿಂತ ತೀರದೆ ಉಳಿಯುವ ಸಂಶಯವೇ ಹೆಚ್ಚು ಕಠಿಣ. 2007ರಲ್ಲಿ ಪ್ರಕಟವಾದ ಮದರ್ ತೆರೇಸಾ ಅವರ ಪತ್ರಗಳು, ಕೋಲ್ಕತ್ತದ ಬಡವರ ಸೇವೆಗಿಳಿದ ಕಾಲದಿಂದ ಹೆಚ್ಚುಕಡಿಮೆ ಕೊನೆಯವರೆಗೂ ಅವರಿಗೆ ದೇವರ ಇರವಿನ ಅನುಭವವೇ ಆಗುತ್ತಿರಲಿಲ್ಲವೆಂಬುದನ್ನು ಬಯಲಿಗೆ ತಂದವು. ಇದು ವಿಶ್ವಾಸದ ಸೋಲೆಂದು ಟೀಕಾಕಾರರು ವಾದಿಸಿದರೆ, 16ನೆಯ ಶತಮಾನದ ಸ್ಪೇನಿನ ಸಂತ, ಶಿಲುಬೆಯ ಯೋವಾನ್ನರು ಆತ್ಮದ ಕತ್ತಲ ರಾತ್ರಿಯೆಂದು ಕರೆದ ಸ್ಥಿತಿಯನ್ನು, ಅಂದರೆ ಪ್ರಾರ್ಥನೆಯ ಸವಿಯೆಲ್ಲ ಬತ್ತಿದರೂ ಪ್ರಾರ್ಥಿಸುವವನು ಹಿಂದೆಗೆಯದ ಸ್ಥಿತಿಯನ್ನು, ಧರ್ಮಸಭೆಯವರು ಇಲ್ಲಿ ಗುರುತಿಸಿದರು. ಪುಣೆಯ ಧರ್ಮಶಾಸ್ತ್ರಜ್ಞ ಜೋಸೆಫ್ ನಾಯ್ನರ್ 1960ರ ದಶಕದ ಆರಂಭದಲ್ಲಿ ತೆರೇಸಾ ಅವರಿಗೆ ತಿಳಿಹೇಳಿದ್ದು ಇನ್ನೂ ಸರಳವಾಗಿತ್ತು: ಈ ಕತ್ತಲೆ ಅವರ ತಪ್ಪಿನ ಫಲವಲ್ಲ, ದೇವರಿಗಾಗಿ ಇಷ್ಟು ಹಂಬಲಿಸುವುದೇ ಆತನಿದ್ದಾನೆಂಬುದರ ಗುರುತು. ಈ ಸಮಾಧಾನವನ್ನು ಒಪ್ಪುವುದೂ ಬಿಡುವುದೂ ಅವರವರಿಗೆ ಸೇರಿದ್ದು, ಆದರೆ ಸಂಶಯವನ್ನು ಪಾಪವೆಂದು ಗದರಿಸುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾದ ಮಾತು.

ಸುಟ್ಟುಬಿಡಿರೆಂದು ತೆರೇಸಾ ಬೇಡಿಕೊಂಡಿದ್ದ ಆ ಪತ್ರಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದವರು ವಿರೋಧಿಗಳಲ್ಲ, ಅವರ ಸಂತ ಪದವಿಯ ಪರವಾಗಿ ವಾದ ಮಂಡಿಸುತ್ತಿದ್ದ ಪಾದ್ರಿಯೇ. ಅವು ಲೋಕದ ಕೈಸೇರಿ ಒಂಬತ್ತು ವರ್ಷಗಳಾದ ಮೇಲೆ, 2016ರ ಸೆಪ್ಟೆಂಬರ್ 4ರಂದು, ಪೋಪ್ ಫ್ರಾನ್ಸಿಸ್ ತೆರೇಸಾ ಅವರನ್ನು ಸಂತರೆಂದು ಘೋಷಿಸಿದರು.